ಬರೆಯದೆ ಉಳಿದ ನೋಟ್‌ಬುಕ್ಕು

ನಾನು ಹೊಲಿದುಕೊಟ್ಟಿದ್ದ ನೋಟ್‌ಬುಕ್ಕು ಅಕ್ಕನ ಬೀರುವಿನಲ್ಲಿ, ಮಡಿಸಿಟ್ಟ ಬಟ್ಟೆಗಳ ಕೆಳಗೆ ಸಿಕ್ಕಿತು. ಕೊಟ್ಟು ನಾಲ್ಕು ವರ್ಷವಾಗಿತ್ತು. ಒಳಗೆ ಒಂದಕ್ಷರವೂ ಇರಲಿಲ್ಲ. "ಅಷ್ಟು ಚೆನ್ನಾಗಿದೆಯಲ್ಲೋ, ಗೀಚಿ ಹಾಳುಮಾಡೋಕೆ ಮನಸ್ಸೇ ಬರಲಿಲ್ಲ" ಅಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಅವತ್ತಿಡೀ ಏನನ್ನೋ ಕಳೆದುಕೊಂಡ ಹಾಗಿತ್ತು.

ತೆರೆದು ಮೇಜಿನ ಮೇಲಿಟ್ಟರೆ ಯಾರೂ ಒತ್ತಿ ಹಿಡಿಯದೆಯೂ ನೋಟ್‌ಬುಕ್ಕು ಅಂಗಾತ ಮಲಗಬೇಕು. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನಂಬರ್ ಬರೆದುಕೊಳ್ಳುವಂತಿರಬೇಕು. ಈ ಒಂದು ಗುಣಕ್ಕಾಗಿ ನಾನು ವರ್ಷವೊಂದನ್ನು ಸವೆಸಿದ್ದೆ.

ಮೊದಮೊದಲು ಎ4 ಹಾಳೆಗಳನ್ನು ನಡುವೆ ಮಡಚಿ ಹೊಲಿಯುತ್ತಿದ್ದೆ. ನಾಲ್ಕು ಹಾಳೆ ಒಂದರೊಳಗೊಂದು ಕೂಡಿದರೆ ಒಂದು ಫಾರಂ, ಅಂಥ ಹತ್ತು ಫಾರಂಗೆ ಒಂದು ನೋಟ್‌ಬುಕ್ಕು. ಹೊಲಿಗೆ ನೇರವಾಗಿತ್ತು, ರಟ್ಟು ಅಳತೆಗೆ ಸರಿಯಾಗಿತ್ತು. ಆದರೆ ತೆರೆದರೆ ಪುಟಗಳು ಬೀಸಣಿಗೆಯ ಹಾಗೆ ಎದ್ದು ನಿಲ್ಲುತ್ತಿದ್ದವು, ಕೈ ತೆಗೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ದಾರ ಬಿಗಿಯಾಯಿತೇನೋ ಎಂದು ಸಡಿಲವಾಗಿ ಹೊಲಿದೆ. ಫಾರಂಗಳು ಜೋಲಾಡಿದವು, ಪುಟ ಮಲಗಲಿಲ್ಲ. ಬೆನ್ನಿಗೆ ಅಂಟು ಕಡಿಮೆ ಹಚ್ಚಿದೆ. ಊಹೂಂ.

ಆಮೇಲೊಮ್ಮೆ ಜೇಬಿಗೆ ಹಿಡಿಸುವಂಥದ್ದು ಬೇಕಾಗಿ, ಎ4 ಹಾಳೆಗಳನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಆ ತುಂಡುಗಳನ್ನು ಮಡಚಿ ಪುಟ್ಟದೊಂದನ್ನು ಹೊಲಿದೆ. ಅದೇ ಕಾಗದ, ಅದೇ ದಾರ, ಅದೇ ಸೂಜಿ. ಮಧ್ಯದ ಪುಟ ತೆರೆದು ಮೇಜಿನ ಮೇಲಿಟ್ಟೆ. ಮಲಗಿಬಿಟ್ಟಿತು! ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಅವತ್ತು ಸಂಜೆ ಎಷ್ಟು ಹೊತ್ತು ಕೂತಿದ್ದೆನೋ.

ಉತ್ತರ ಕಾಗದದ ಒಳಗಿತ್ತು. ಕಾರ್ಖಾನೆಯಲ್ಲಿ ನೀರುನೀರಾದ ತಿರುಳು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಜಾಲರಿ ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮುಖಮಾಡಿ ಒಣಗುತ್ತವೆ. ಹಾಗಾಗಿ ಬಟ್ಟೆಗೆ ಉದ್ದೆಳೆ ಇರುವಂತೆ ಕಾಗದಕ್ಕೂ ಒಂದು ಎಳೆಯಿದೆ, ಬೈಂಡಿಂಗ್ ಮಾಡುವವರು ಅದನ್ನು ಗ್ರೇನ್ ಅನ್ನುತ್ತಾರೆ. ಎಳೆಯ ಗುಂಟ ಮಡಚಿದರೆ ಕಾಗದ ಹೇಳಿದ ಮಾತು ಕೇಳುತ್ತದೆ. ಎಳೆಗೆ ಅಡ್ಡಲಾಗಿ ಮಡಚಿದರೆ ಪ್ರತಿ ನಾರೂ ಒಂದು ಸಣ್ಣ ಕಡ್ಡಿಯಂತೆ ಸೆಟೆಯುತ್ತದೆ. ಪ್ರಿಂಟರಿಗೆ ಹಾಕುವ ಎ4 ಹಾಳೆಯಲ್ಲಿ ಎಳೆ ಸಾಮಾನ್ಯವಾಗಿ ಉದ್ದಕ್ಕೆ, ಅಂದರೆ 297 ಮಿಲಿಮೀಟರ್ ಇರುವ ಬದಿಗೆ ಸಮನಾಗಿ ಓಡುತ್ತದೆ. ನಡುವೆ ಮಡಚಿದಾಗಲೆಲ್ಲ ನಾನು ಅದಕ್ಕೆ ಅಡ್ಡ ಹೋಗುತ್ತಿದ್ದೆ. ಎರಡು ತುಂಡು ಮಾಡಿ ಮಡಚಿದಾಗ ಮಡಿಕೆ ತಾನಾಗಿಯೇ ಎಳೆಯ ದಿಕ್ಕಿಗೆ ತಿರುಗಿತ್ತು. ಈಗ ದೊಡ್ಡದು ಬೇಕಾದರೆ ಎ3 ತಂದು ಕತ್ತರಿಸುತ್ತೇನೆ.

ಕೈಯಲ್ಲಿ ಕಾಗದ ಮಾಡುವವರು ಜರಡಿಯನ್ನು ಎತ್ತಿದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಅಲುಗಿಸುತ್ತಾರೆ. ನಾರುಗಳು ನಾಲ್ಕೂ ಕಡೆಗೆ ಹೆಣೆದುಕೊಳ್ಳುತ್ತವೆ. ಅಂಥ ಹಾಳೆಗೆ ಎಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದು ತಿಳಿದ ಮೇಲೆ ಯಾವ ಕಾಗದ ಕೈಗೆ ಬಂದರೂ, ರಸೀದಿಯಾಗಲಿ ಲಕೋಟೆಯಾಗಲಿ, ಎರಡೂ ಕಡೆಗೆ ಬಾಗಿಸಿ ನೋಡುತ್ತೇನೆ. ಹರಿದರೆ ಒಂದು ಕಡೆ ಗೆರೆ ಕೊರೆದಂತೆ ನೇರ, ಇನ್ನೊಂದು ಕಡೆ ಅಂಕುಡೊಂಕು. ಎಷ್ಟೋ ವರ್ಷ ಕಾಗದದ ಮೇಲೆ ಬರೆದೇ ಬದುಕಿದವನು ನಾನು, ಆದರೂ ಅದನ್ನು ಮುಟ್ಟಿ ನೋಡಿದ್ದು ಹೊಲಿಯಲು ಕೂತ ಮೇಲೆಯೇ.

ಹೊಲಿಗೆಯದು ಇನ್ನೊಂದು ಬಗೆಯ ಸುಖ. ಪುಟ್ಟ ನೋಟ್‌ಬುಕ್ಕಿನ ಎತ್ತರ 148 ಮಿಲಿಮೀಟರ್. ಹತ್ತು ಫಾರಂಗೆ ಒಂದೂವರೆ ಮೀಟರ್ ದಾರ, ಗಂಟಿಗೆಂದು ಇನ್ನೊಂದು ಗೇಣು. ನಾರಗಸೆಯ, ಅಂದರೆ ಲಿನನ್, ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎರಡು ಮೂರು ಸಲ ಎಳೆದುಕೊಳ್ಳಬೇಕು. ಆಗ ಅದು ಸಿಕ್ಕುಬೀಳುವುದಿಲ್ಲ, ಹೊಲಿದಲ್ಲೇ ಕಚ್ಚಿ ಕೂರುತ್ತದೆ. ದಾರವನ್ನು ಯಾವಾಗಲೂ ಬೆನ್ನಿನ ಗುಂಟವೇ ಎಳೆಯಬೇಕು. ನಮ್ಮ ಕಡೆಗೆ ನೇರ ಎಳೆದರೆ ರಂಧ್ರ ಹರಿಯುತ್ತದೆ. ಇದನ್ನು ಹತ್ತು ಸಲ ಓದಿಕೊಂಡಿದ್ದೆ, ಕೈಗೆ ಬಂದದ್ದು ಮೂರು ಫಾರಂ ಹರಿದ ಮೇಲೆ. ಒಂದು ಫಾರಂನ ಕೊನೆ ಮುಟ್ಟಿದಾಗ ಸೂಜಿ ಕೆಳಗಿನ ಫಾರಂನ ಹೊಲಿಗೆಯೊಳಗೆ ನುಸುಳಿ, ಕುಣಿಕೆ ಹಾಕಿಕೊಂಡು, ಮೇಲಿನದಕ್ಕೆ ಹತ್ತಬೇಕು. ಆ ಕುಣಿಕೆ ಬಿಗಿದಾಗ ಬೆರಳಿಗೆ ಒಂದು ಸಣ್ಣ 'ಟಕ್' ಗೊತ್ತಾಗುತ್ತದೆ. ಆ ಟಕ್‌ಗಾಗಿಯೇ ಎಷ್ಟೋ ರಾತ್ರಿ ದೀಪದ ಕೆಳಗೆ ಕೂತಿದ್ದೇನೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸೇಂಟ್ ಕತ್ಬರ್ಟ್ ಗಾಸ್ಪೆಲ್ ಎಂಬ, ಬೈಬಲಿನ ಒಂದು ಭಾಗವಿರುವ ಪುಟ್ಟ ಪುಸ್ತಕವಿದೆ. ಎಂಟನೆಯ ಶತಮಾನದ ಆರಂಭದ್ದು, ಮೂಲ ಹೊಲಿಗೆ, ಮೂಲ ರಕ್ಷಾಪುಟ. ಅಳತೆ ಸುಮಾರು 138 ಮಿಲಿಮೀಟರ್ ಎತ್ತರ, 92 ಅಗಲ. ನನ್ನ ಜೇಬಿನ ನೋಟ್‌ಬುಕ್ಕಿಗಿಂತ ಬೆರಳಗಲ ಚಿಕ್ಕದು. ಇದನ್ನು ಓದಿದಾಗ ನನ್ನದನ್ನು ಅಂಗೈಯಲ್ಲಿಟ್ಟುಕೊಂಡು ಹಾಗೇ ನೋಡಿದ್ದೆ. ಆ ಪುಸ್ತಕ ಉಳಿದದ್ದು ಸಂತ ಕತ್ಬರ್ಟನ ಶವಪೆಟ್ಟಿಗೆಯೊಳಗೆ. 1104ರಲ್ಲಿ ಪೆಟ್ಟಿಗೆ ತೆರೆದಾಗಲೇ ಅದು ಹೊರಬಂದದ್ದು. ಬೀರುವಿನಲ್ಲಿ ಬಟ್ಟೆಗಳ ಕೆಳಗಿದ್ದ ನನ್ನ ನೋಟ್‌ಬುಕ್ಕಿಗೂ ಅಂಥದೇ ರಕ್ಷಣೆ ಸಿಕ್ಕಿತ್ತು, ಹೊಸದರಂತೆಯೇ ಇತ್ತು. ಅದು ನನಗೆ ಬೇಡವಾಗಿತ್ತು.

1966ರ ನವೆಂಬರ್ 4ರಂದು ಇಟಲಿಯ ಆರ್ನೋ ನದಿ ಉಕ್ಕಿ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಅವನ್ನು ಉಳಿಸಲು ಹೋದವರು ಕಂಡುಕೊಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ಗಟ್ಟಿ ರಟ್ಟಿನ ಭಾರದ ಬೈಂಡಿಂಗ್‌ಗಳಿಗಿಂತ, ತೆಳುವಾದ ಚರ್ಮಪತ್ರದ ಮೆತ್ತನೆ ಹೊದಿಕೆಯಲ್ಲಿ ಬರೀ ಹೊಲಿಗೆಯ ಬಲದಿಂದ ನಿಂತಿದ್ದ ಹಳೆಯ ಪುಸ್ತಕಗಳು ಆ ನೀರನ್ನು ಚೆನ್ನಾಗಿ ತಾಳಿಕೊಂಡಿದ್ದವು. ಇದು ತಿಳಿದಂದಿನಿಂದ ನಾನು ಉಡುಗೊರೆಗೆ ಹೊಲಿಯುವವಕ್ಕೆ ರಟ್ಟು ಬಿಟ್ಟೆ, ಮೆತ್ತನೆ ಹೊದಿಕೆ ಹಾಕುತ್ತೇನೆ. ಮೆತ್ತಗಿದ್ದರೆ ಚೀಲಕ್ಕೆ ತುರುಕಲು ಯಾರೂ ಅಂಜುವುದಿಲ್ಲ.

ಇನ್ನೊಂದು ಅಭ್ಯಾಸವೂ ಬಂದಿದೆ. ಕೊಡುವ ಮೊದಲು ಒಂದನೇ ಪುಟವನ್ನು ನಾನೇ ಬರೆದು ಕೊಡುತ್ತೇನೆ, ಪೆನ್ನಿನಲ್ಲಿ, ಒಂದೆರಡು ಕಡೆ ಹೊಡೆದುಹಾಕಿ. ಎಷ್ಟು ಹಾಳೆ, ಯಾವ ದಾರ, ಹೊಲಿದ ದಿನ ಮಳೆಯಿತ್ತೇ ಬಿಸಿಲಿತ್ತೇ. ಆ ಗೀಚು ಬಿದ್ದ ಮೇಲೆ ಹಾಳೆಯ ಬಿಳುಪಿನ ಹೆದರಿಕೆ ಹೋಗುತ್ತದೆ. ಅಕ್ಕನ ನೋಟ್‌ಬುಕ್ಕಿನಲ್ಲೂ ಅವತ್ತು ಅವಳ ಎದುರಿಗೇ ಕೂತು ಮೊದಲ ಪುಟದಲ್ಲಿ ಅವಳ ಮಗನ ಎತ್ತರ ಬರೆದೆ. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

ಹೋದ ತಿಂಗಳು ಅವಳು ಅದನ್ನು ತಂದಳು. ಮೂರನೆಯ ಫಾರಂ ಸಡಿಲಾಗಿತ್ತು. ಅವನ ಎತ್ತರ ಆರು ಕಡೆ ಇತ್ತು, ಕೊನೆಯ ಎರಡು ಅವನದೇ ಅಕ್ಷರದಲ್ಲಿ. ನಡುವೆ ಔಷಧಿಯ ಹೊತ್ತು, ಯಾರದೋ ವಿಳಾಸ, ಲೋಟದ ತಳದ ಒಂದು ಉಂಗುರ, ಅವಸರದಲ್ಲಿ ಹರಿದುಕೊಂಡ ಅರ್ಧ ಹಾಳೆ. ಅಕ್ಕ ಹರಿದ ಜಾಗದ ಮೇಲೆ ಬೆರಳಿಟ್ಟು "ಬೇಜಾರು ಮಾಡ್ಕೋಬೇಡ" ಅಂದಳು. ಹರಿದ ಅಂಚು ನೇರವಾಗಿತ್ತು. ಎಳೆಯ ಗುಂಟ ಹರಿದದ್ದು. ಅದನ್ನು ಅವಳಿಗೆ ತೋರಿಸುತ್ತಾ ದಾರಕ್ಕೆ ಮೇಣ ಹಚ್ಚಿದೆ.