ಒಂದೇ ಬರ್ಫ, ಎರಡು ಗುಣಕ

ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಮೊಬೈಲಿನಲ್ಲಿ ಫಿಗರ್ ಸ್ಕೇಟಿಂಗ್ ನೋಡಿದ ಕಲಬುರಗಿ ಮಂದಿಯ ಪ್ರಶ್ನೆ ಇದು: "ಬರ್ಫ ಅದೇ, ಜಿಗಿತ ಅದೇ. ಹುಡುಗೀರಿಗಿ ಮಾರ್ಕ್ಸ್ ಯಾಕ್ರಿ ಕಮ್ಮಿ?"

ಜಿಗಿತಕ್ಕೆ ಕಮ್ಮಿ ಇಲ್ಲ. ಲುಟ್ಜ್ ಎಂಬುದು ಒಂದು ಬಗೆಯ ಜಿಗಿತ; ಗಾಳಿಯಲ್ಲಿ ಮೂರು ಸುತ್ತು ಹಾಕಿದರೆ ಟ್ರಿಪಲ್, ನಾಲ್ಕು ಹಾಕಿದರೆ ಕ್ವಾಡ್. ಟ್ರಿಪಲ್ ಲುಟ್ಜ್ ಯಾರು ಹಾರಿದರೂ ಮೂಲ ಅಂಕ 5.9, ಕ್ವಾಡ್ ಲುಟ್ಜ್‌ಗೆ 11.5. ಹಾರಿದ ರೀತಿಗೆ ತೀರ್ಪುಗಾರರು −5ರಿಂದ +5ರವರೆಗೆ ಕೊಡುವ ದರ್ಜೆಯೂ ಒಂದೇ. ಫ್ರೀ ಸ್ಕೇಟ್ ಎಂಬ ಉದ್ದನೆಯ ಪ್ರದರ್ಶನ 2018-19ರಲ್ಲಿ ಇಬ್ಬರಿಗೂ 4 ನಿಮಿಷ, 7 ಜಿಗಿತ ಎಂದಾಯಿತು.

ವ್ಯತ್ಯಾಸ ಇರುವುದು ಕಲೆಯ ಅಂಕದಲ್ಲಿ. ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಮೂರಕ್ಕೂ ಹತ್ತರಲ್ಲಿ ಅಂಕ ಕೊಟ್ಟು, ಕೂಡಿಸಿ, ಒಂದು ಗುಣಕದಿಂದ ಗುಣಿಸುತ್ತಾರೆ. 2022-23ರಲ್ಲಿ ಬಂದ ನಿಯಮದಲ್ಲಿ ಫ್ರೀ ಸ್ಕೇಟ್‌ಗೆ ಗಂಡಸರ ಗುಣಕ 3.33, ಹೆಂಗಸರದು 2.67. ಶಾರ್ಟ್ ಪ್ರೋಗ್ರಾಂ ಎಂಬ ಚಿಕ್ಕ ಪ್ರದರ್ಶನಕ್ಕೆ 1.67 ಮತ್ತು 1.33. ಮೂರರಲ್ಲೂ 8.50 ಬಿತ್ತೆನ್ನಿ, ಮೊತ್ತ 25.5. ಫ್ರೀ ಸ್ಕೇಟ್‌ನಲ್ಲಿ ಅವನಿಗೆ 84.92, ಅವಳಿಗೆ 68.09. ಗಂಜ್ ಮಾರುಕಟ್ಟೆಯಲ್ಲಿ ಒಂದೇ ತೊಗರಿಗೆ ಎರಡು ದರ ಕೂಗಿದ ಹಾಗೆ.

ಹೆಂಗಸರು ಟ್ರಿಪಲ್ ಜಿಗಿತಗಳಲ್ಲೇ ಇದ್ದ ಕಾಲಕ್ಕೆ ಇದಕ್ಕೊಂದು ಅರ್ಥವಿತ್ತು: ತಾಂತ್ರಿಕ ಅಂಕವೇ ಕಡಿಮೆ, ಕಲೆಯ ಅಂಕ ಅದನ್ನು ನುಂಗಬಾರದು. ಗಂಡು ಹೆಣ್ಣು ಎದುರುಬದುರು ಸ್ಪರ್ಧಿಸುವುದೂ ಇಲ್ಲ, ಹಾಗಾಗಿ ಸುಮಾರು 17 ಅಂಕದ ಆ ವ್ಯತ್ಯಾಸ ಯಾರ ಪದಕವನ್ನೂ ಕಸಿಯುವುದಿಲ್ಲ. ಪೆಟ್ಟು ಬೀಳುವುದು ಹೆಂಗಸರ ನಡುವೆಯೇ. ಎದುರಾಳಿಗಿಂತ ಮೂರರಲ್ಲೂ ಒಂದೊಂದು ಅಂಕ ಮುಂದಿದ್ದರೆ ಗಂಡಸಿಗೆ 9.99 ಲಾಭ, ಹೆಂಗಸಿಗೆ 8.01. ಟ್ರಿಪಲ್ ಲುಟ್ಜ್ ಬಿಟ್ಟು ಕ್ವಾಡ್ ಹಾರಿದರೆ ಸಿಗುವ 5.6 ಮಾತ್ರ ಇಬ್ಬರಿಗೂ ಅಷ್ಟೇ. ಅಂದರೆ ಚೆನ್ನಾಗಿ ಸ್ಕೇಟ್ ಮಾಡುವವಳ ಬೆಲೆ ಇಳಿದು, ಬರೀ ಜಿಗಿಯುವವಳ ಬೆಲೆ ಏರುತ್ತದೆ. ಗುಣಕ ಸಮ ಮಾಡಲು ನನಗೆ ಕಾಣುವ ನಿಜವಾದ ಕಾರಣ ಇದು.

ಇದಕ್ಕಿಂತ ಕೆಟ್ಟದ್ದು ಶಾರ್ಟ್ ಪ್ರೋಗ್ರಾಂ ನಿಯಮ. ಅಲ್ಲಿ ಗಂಡಸರು ಎರಡು ಕ್ವಾಡ್ ಹಾರಬಹುದು. 2022ರ ಬೀಜಿಂಗ್‌ನಲ್ಲಿ ಹೆಂಗಸರಿಗೆ ಒಂದಕ್ಕೂ ಅವಕಾಶವಿರಲಿಲ್ಲ. ರಷ್ಯಾದ ಅಲೆಕ್ಸಾಂಡ್ರಾ ಟ್ರುಸೋವಾಗೆ ಅಂಕ ಏರಿಸಿಕೊಳ್ಳಲು ಉಳಿದ ದಾರಿ ಟ್ರಿಪಲ್ ಆಕ್ಸೆಲ್, ಅಂದರೆ ಮೂರೂವರೆ ಸುತ್ತಿನ ಜಿಗಿತ. ಅದರಲ್ಲೇ ಬಿದ್ದರು, 74.60 ಬಂತು. ಕೊನೆಗೆ ಚಿನ್ನ ಗೆದ್ದ ಅನ್ನಾ ಶೆರ್ಬಕೋವಾಗೆ 80.20. ಫ್ರೀ ಸ್ಕೇಟ್‌ನಲ್ಲಿ ಟ್ರುಸೋವಾ ಐದು ಕ್ವಾಡ್ ಹಾರಿ 177.13 ಗಳಿಸಿ ಮೊದಲಿಗರಾದರು, ಶೆರ್ಬಕೋವಾ 175.75. ಎರಡೂ ಕೂಡಿದಾಗ ಟ್ರುಸೋವಾಗೆ ಚಿನ್ನ ಕೈತಪ್ಪಿದ್ದು 4.22 ಅಂಕದಲ್ಲಿ.