ಹೈಪೋ ಪಂಪಿಗೆ ಕರೆಂಟು ಕೊಟ್ಟ ಕಥೆ, ಇಲ್ಲಿವರೆಗೆ

ಮಳೆಗಾಲ ಮುಗಿದರೆ ಸಾಗರದ ಕಡೆ ನಮಗೆ ಕೆಲಸ ಶುರು. ನಾಲ್ಕು ತಿಂಗಳು ನೆಂದ ಹಂಚು, ಕಾಂಪೌಂಡು, ಅಡಿಕೆ ಅಂಗಳ, ಎಲ್ಲದರ ಮೇಲೂ ಪಾಚಿ. ಟಾಟಾ ಏಸ್ ಗಾಡಿಯಲ್ಲಿ 500 ಲೀಟರಿನ ಟ್ಯಾಂಕು, ಪೆಟ್ರೋಲ್ ಎಂಜಿನ್ನಿನ ಪ್ರೆಶರ್ ವಾಷರ್ ಹೇರಿಕೊಂಡು ಮನೆಮನೆಗೆ ಹೋಗುತ್ತೇನೆ. ಹಳೇ ಮಂಗಳೂರು ಹಂಚಿಗೆ ಪ್ರೆಶರ್ ಬಿಟ್ಟರೆ ಹಂಚೇ ಎದ್ದು ಬರುತ್ತದೆ. ಅದಕ್ಕೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಪಾಚಿ ಕೊಲ್ಲುವ ಬ್ಲೀಚ್ ದ್ರಾವಣ) ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ತೊಳೆಯಬೇಕು.

ಹರಿಯುವ ನೀರಿನ ಜೊತೆಗೇ ಹೈಪೋ ಎಳೆದುಕೊಳ್ಳುವ, ವಾಷರ್ ಪೈಪಿಗೇ ಸಿಕ್ಕಿಸುವ ಇಂಜೆಕ್ಟರ್ ಸಿಗುತ್ತದೆ, ಅದಕ್ಕೆ ಕರೆಂಟೇ ಬೇಡ. ಆದರೆ ಹತ್ತು ಪಾಲು ನೀರಿಗೆ ಒಂದು ಪಾಲು ಎಳೆದರೆ ಹೆಚ್ಚು. 10 ಪರ್ಸೆಂಟಿನ ಹೈಪೋ ಗೋಡೆ ಮುಟ್ಟುವಾಗ 1 ಪರ್ಸೆಂಟೂ ಇರುವುದಿಲ್ಲ. ಹಂಚಿಗೆ ನಾನು 2ರಿಂದ 3 ಇಟ್ಟುಕೊಳ್ಳುತ್ತೇನೆ. ಹಾಗಾಗಿ ಹೈಪೋಗೆಂದೇ ಗಾಡಿ ಬ್ಯಾಟರಿಯಲ್ಲಿ ಓಡುವ 12 ವೋಲ್ಟಿನ ಡಯಾಫ್ರಾಮ್ ಪಂಪು ಹಾಕಿದೆ. ತಲೆನೋವು ಶುರುವಾಗಿದ್ದು ಅಲ್ಲಿಂದ.

ಮೊದಲ ವಾರ

ಪಂಪು ಮಂಕು. ಹೈಪೋ ಮಾಡಿನ ತುದಿಗೆ ಹಾರುತ್ತಲೇ ಇಲ್ಲ. ಪಂಪಿನದೇ ತಪ್ಪು ಅಂತ ಇನ್ನೊಂದು ತಂದೆ. ಅದೂ ಹಾಗೇ! ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದ. ‘ಓಡ್ತಿರುವಾಗ ನೋಡ್ಬೇಕು ಮಾರಾಯ್ರೆ, ನಿಂತಾಗ ನೋಡಿ ಏನು ಪ್ರಯೋಜನ?’ ಅಂದ. ಬ್ಯಾಟರಿ ಹತ್ತಿರ 12.3, ಪಂಪಿನ ಹತ್ತಿರ 10.4. ಸುಮಾರು ಎರಡು ವೋಲ್ಟು ದಾರಿಯಲ್ಲೇ ಸೋರಿಹೋಗಿತ್ತು.

ನಾನು ಹಾಕಿದ್ದು 1.5 ಸ್ಕ್ವೇರ್ ಎಂಎಂ ವೈರು, ಸುತ್ತಿ ಬಳಸಿ 6 ಮೀಟರ್. ಪಂಪು ಎಳೆಯುವುದು 11 ಆಂಪಿಯರ್. ಅಲ್ಲೇ 0.8 ವೋಲ್ಟು ಹೋಯಿತು. ಉಳಿದದ್ದು ಬಾಡಿ ಅರ್ಥಿನಲ್ಲಿ, ಅಂದರೆ ನೆಗೆಟಿವ್ ವೈರಿನ ಬದಲು ಗಾಡಿಯ ಮೈಯನ್ನೇ ಬಳಸಿದ ಕಡೆ. ಬಣ್ಣ ಕೆರೆಯದೆ ಬೋಲ್ಟು ಬಿಗಿದಿದ್ದೆ. ಪಾಸಿಟಿವ್, ನೆಗೆಟಿವ್ ಎರಡೂ 6 ಸ್ಕ್ವೇರ್ ಎಂಎಂ ಎಳೆದು, ಬ್ಯಾಟರಿ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್, ಸ್ವಿಚ್ಚಿಗೆ ಭಾರ ಬೀಳದ ಹಾಗೆ ಒಂದು ರಿಲೇ ಹಾಕಿದೆವು. ಈಗ 11.8 ಬರುತ್ತಿದೆ. ಹಳೇ ಪಂಪೇ ಸಾಕಿತ್ತು, ಬಿಡಿ.

ಎರಡನೇ ವಾರ

ಒಂದು ಮನೆಯಲ್ಲಿ ಎರಡೂವರೆ ಗಂಟೆ ಪಂಪು ಓಡಿಸಿ ಕೀ ತಿರುಗಿಸಿದರೆ ಗಾಡಿ ಟಕ್ ಅಂತು, ಅಷ್ಟೇ. ಅವರ ಟ್ರ್ಯಾಕ್ಟರ್ ಬ್ಯಾಟರಿಯಿಂದ ಜಂಪ್ ಕೊಟ್ಟು ಹೊರಟೆ. ಸ್ಟಾರ್ಟಿಂಗ್ ಬ್ಯಾಟರಿ ಹೀಗೆ ಪೂರ್ತಿ ಖಾಲಿ ಮಾಡುವುದಕ್ಕಲ್ಲ, ಅಲ್ವಾ? ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ನೋಡಿದೆ, ವಿಪರೀತ ಭಾರ. ಕೊನೆಗೆ 50 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಗೊಂಡೆ. ಒಂದೇ ಕೈಯಲ್ಲಿ ಎತ್ತಬಹುದು.

ಅದನ್ನು ನೇರ ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ಕರೆಂಟು ಮಾಡುವ ಭಾಗಕ್ಕೆ) ಕೊಡಲಿಲ್ಲ. ಈ ಬ್ಯಾಟರಿ ಹಸಿದಾಗ ಸಿಕ್ಕಷ್ಟು ಕರೆಂಟು ಎಳೆಯುತ್ತದೆ, ಆಲ್ಟರ್ನೇಟರ್ ವಿಪರೀತ ಬಿಸಿಯಾಗುತ್ತದೆ. ನಡುವೆ ಕರೆಂಟನ್ನು ಮಿತಿಯಲ್ಲಿಡುವ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಇದೆ. ಎಂಜಿನ್ ಓಡುವಾಗ ಮಾತ್ರ ಅದಕ್ಕೆ ಜೀವ. ಎರಡು ಗಂಟೆ ಹೊಡೆದರೆ 22 ಆಂಪಿಯರ್ ಅವರ್ ಖರ್ಚು. ಒಂದು ಒಂದೂಕಾಲು ಗಂಟೆ ಗಾಡಿ ಓಡಿದರೆ ತುಂಬುತ್ತದೆ.

ಮೂರನೇ ವಾರ

ವೈರಿನ ತುದಿಯ ತಾಮ್ರದ ಲಗ್ಗುಗಳು ಆಗಲೇ ಹಸಿರು! ಹೈಪೋ ಆವಿಗೆ ತಾಮ್ರ ತಡೆಯುವುದಿಲ್ಲ. ತವರ ಲೇಪಿಸಿದ ವೈರು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದೆ. ಬ್ಯಾಟರಿ ಪೆಟ್ಟಿಗೆ ಈಗ ಹೈಪೋ ಕ್ಯಾನಿಗೆ ಎದುರು ಮೂಲೆಯಲ್ಲಿ. ಸಂಜೆ ಪಂಪಿಗೆ ಐದು ನಿಮಿಷ ಬರೀ ನೀರು ಓಡಿಸುತ್ತೇನೆ.

ತಾಮ್ರದ ಮಾತು ಬಂತು ಅಂತ ಹೇಳುತ್ತೇನೆ. ಅಡಿಕೆಗೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಹಳೇ ಡ್ರಮ್ಮಿಗೆ ಹೈಪೋ ತುಂಬಬೇಡಿ. ಮೈಲುತುತ್ತದಲ್ಲಿರುವ ತಾಮ್ರದ ಅಂಶ ಸ್ವಲ್ಪ ಉಳಿದಿದ್ದರೂ ಹೈಪೋ ಬೇಗ ಒಡೆದು ಗ್ಯಾಸ್ ಬಿಡುತ್ತದೆ. ನನ್ನ ಡ್ರಮ್ಮು ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಹಿತ್ತಾಳೆ ಫಿಟಿಂಗ್ ಕೂಡ ತೆಗೆದು ಪ್ಲಾಸ್ಟಿಕ್ ಹಾಕಿದೆ.

ಬಾಕಿ ಇರುವುದು ಒಂದೇ. ಸಣ್ಣ ನಾಜಲ್ ಹಾಕಿದರೆ ಪಂಪಿನ ಪ್ರೆಶರ್ ಸ್ವಿಚ್ಚು (ಒತ್ತಡ ಏರಿದರೆ ಪಂಪು ನಿಲ್ಲಿಸುವುದು) ಟಕಟಕ ಅಂತ ಆನ್ ಆಫ್ ಆಗುತ್ತಲೇ ಇರುತ್ತದೆ. ಪಂಪಿನ ವೇಗ ತಗ್ಗಿಸಲು ಸ್ಪೀಡ್ ಕಂಟ್ರೋಲರ್ ತರಿಸಿದ್ದೇನೆ. ಭಾನುವಾರ ಮೊದಲು ನಮ್ಮ ಮನೆ ಕೊಟ್ಟಿಗೆಯ ಮಾಡಿಗೇ ಹೊಡೆದು ನೋಡುತ್ತೇನೆ.