ಸೊನ್ನೆಗೆ ಮುಗಿಯುವ ಬಿಪಿ

ಮಾರ್ಚ್ 12, 2024, ಮಂಗಳವಾರ

ಇವತ್ತು ಇಡೀ ದಿನ ಒಂದೇ ಕಾಲಂ ನೋಡಿದೆ. ಮೇಲಿನ ಬಿಪಿ. ಸಂಜೆ ಕಣ್ಣು ಮುಚ್ಚಿದರೂ 120, 130, 140 ಅಂತ ಸಾಲುಗಳೇ ಓಡುತ್ತಿದ್ದವು.

ಬೆಳಗ್ಗೆ ಖುಷಿಯಲ್ಲೇ ಇದ್ದೆ. ಅದೇ ಜನರನ್ನು ಕೆಲವು ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸುವ ಅಧ್ಯಯನ ನಮ್ಮದು. ನಾಲ್ಕು ಸುತ್ತಿನ ಫೈಲ್‌ಗಳು ಕೊನೆಗೂ ಒಂದಕ್ಕೊಂದು ಕೂಡಿಕೊಂಡವು. ಸರಾಸರಿ ಬಿಪಿಯ ಗ್ರಾಫ್ ಹಾಕಿದೆ. ಮೂರನೇ ಸುತ್ತಿನವರೆಗೆ ಗೆರೆ ಮೆಲ್ಲಗೆ ಏರುತ್ತದೆ, ನಾಲ್ಕರಲ್ಲಿ ದಬಕ್ಕನೆ ಇಳಿಯುತ್ತದೆ. "ಮಾತ್ರೆ ಕೆಲಸ ಮಾಡ್ತಿದೆ, ಅಲ್ವಾ?" ಅಂದರು ಪಕ್ಕದ ಮೇಜಿನವರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಹೋದ ತಿಂಗಳು ಪೆಟ್ಟು ತಿಂದಿದ್ದೆ. ಎತ್ತರ ಕಡಿಮೆಯಾದವರನ್ನೆಲ್ಲ ತಪ್ಪು ಎಂಟ್ರಿ ಅಂತ ನಾನು ಬರೆದ ಕಂಪ್ಯೂಟರ್ ಸ್ಕ್ರಿಪ್ಟ್ ಕಿತ್ತುಹಾಕಿತ್ತು. ವಯಸ್ಸಾದಂತೆ ಬೆನ್ನುಮೂಳೆ ಕುಗ್ಗಿ ಜನ ನಿಜವಾಗಿಯೂ ಗಿಡ್ಡವಾಗುತ್ತಾರೆ ಅನ್ನುವುದು ಹೊಳೆದಿರಲೇ ಇಲ್ಲ!

ಅದಕ್ಕೇ ಈ ಸಲ ಸುಮ್ನೆ ಒಂದು ಅನುಮಾನಕ್ಕೆ ಪ್ರತಿ ರೀಡಿಂಗ್‌ನ ಕೊನೆಯ ಅಂಕಿಯನ್ನಷ್ಟೇ ತೆಗೆದು ಎಣಿಸಿದೆ. ಸರಿಯಾಗಿ ಅಳೆದಿದ್ದರೆ ಯಾವ ಅಂಕಿಯೂ ಇನ್ನೊಂದಕ್ಕಿಂತ ಜಾಸ್ತಿ ಬರಬಾರದು. ಮೊದಲ ಮೂರು ಸುತ್ತಿನಲ್ಲಿ ಸೊನ್ನೆಯದ್ದು ಗೋಪುರ. ಅದರ ಕಾಲ ಬುಡದಲ್ಲಿ 2, 4, 6, 8. ಬೆಸ ಅಂಕಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಾದರಸದ ಬಿಪಿ ಯಂತ್ರದಲ್ಲಿ ಗೆರೆ ಇರುವುದು ಎರಡೆರಡು ಮಿಲಿಮೀಟರಿಗೆ, ಹಾಗಾಗಿ 137ಕ್ಕೆ ಅಲ್ಲಿ ಜಾಗವೇ ಇಲ್ಲ. ನಾಲ್ಕನೇ ಸುತ್ತಿನಲ್ಲಿ ಮಾತ್ರ ಹತ್ತೂ ಅಂಕಿಗಳು ಸಾಲಾಗಿ, ಒಂದೇ ಎತ್ತರಕ್ಕೆ ನಿಂತಿವೆ.

ಅಂದರೆ ಯಂತ್ರವೇ ಬದಲಾಗಿದೆ. ಯಾವ ಕಾಲಂನಲ್ಲಿ ಏನಿದೆ, ಹೇಗೆ ಅಳೆದದ್ದು ಅಂತ ಬರೆದಿಡುವ ಕೋಡ್‌ಬುಕ್‌ನಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ.

ಆ ಕಾಲಕ್ಕೆ ಬಿಪಿ ನೋಡುತ್ತಿದ್ದ, ಈಗ ನಿವೃತ್ತರಾಗಿರುವ ಸಿಸ್ಟರ್‌ಗೆ ಫೋನ್ ಮಾಡಿದೆ. "ಹೌದಮ್ಮಾ, ಆ ವರ್ಷ ಡಿಜಿಟಲ್ ಕೊಟ್ರು" ಅಂದರು. ಎಲ್ಲಾ ಸೊನ್ನೆಗೇ ಬರೆದಿದ್ದೀರಲ್ಲ ಅಂತ ಅಳುಕುತ್ತಲೇ ಕೇಳಿದೆ. ನಕ್ಕರು. "ಹೊರಗೆ ಅಷ್ಟು ಜನ ಕಾಯ್ತಾ ಕೂತಿರೋವಾಗ 138ನ್ನ 140 ಅಂತ್ಲೇ ಬರೆಯೋದು."

ಅವರನ್ನು ಏನಂತ ಬೈಯಲಿ? 138 ಏರಿ, 142 ಇಳಿದು ಎರಡೂ 140 ಆದರೆ ಸರಾಸರಿ ಅಷ್ಟೇನೂ ಅಲುಗಾಡುವುದಿಲ್ಲ. ಆದರೆ ನಮ್ಮ ಲೆಕ್ಕದಲ್ಲಿ 140 ಮುಟ್ಟಿದವರಿಗೆ ಬಿಪಿ ಇದೆ ಅಂತ ಅರ್ಥ. ಆ 138ರ ಮನುಷ್ಯ ಒಂದು ಪೆನ್ನಿನ ಗೀಟಿನಿಂದ ಕಾಯಿಲೆಯವನಾದ.

ಮಧ್ಯಾಹ್ನ ಇನ್ನೊಂದು ಗಂಟು ಸಿಕ್ಕಿತು. ನಾಲ್ಕನೇ ಸುತ್ತಿಗೆ ಬಾರದೇ ಹೋದವರ ಮೂರನೇ ಸುತ್ತಿನ ಬಿಪಿ ನೋಡಿದೆ. ಉಳಿದವರಿಗಿಂತ ಜಾಸ್ತಿ. ತೀರಿಕೊಂಡವರು, ಹಾಸಿಗೆ ಹಿಡಿದವರು, ಬೇಸತ್ತು ಬಿಟ್ಟವರು ಎಲ್ಲಾ ಅದರಲ್ಲಿದ್ದಾರೆ. ಬಂದವರು ಗಟ್ಟಿಮುಟ್ಟಾಗಿದ್ದವರು. ನಾಲ್ಕೂ ಸುತ್ತಿಗೆ ಬಂದವರನ್ನಷ್ಟೇ ಇಟ್ಟುಕೊಂಡು ಗ್ರಾಫ್ ಹಾಕಿದರೆ ಆ ಇಳಿಜಾರು ಅರ್ಧ ಸಪಾಟು. ಉಳಿದರ್ಧದಲ್ಲಿ ಮಾತ್ರೆಯ ಪಾಲೆಷ್ಟು, ಯಂತ್ರದ್ದೆಷ್ಟು?

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನ ನೆನಪಾಯಿತು. 1948ರಲ್ಲಿ 5,209 ಜನರಿಂದ ಶುರುವಾಗಿದ್ದು. ಎರಡು ವರ್ಷಕ್ಕೊಮ್ಮೆ ಪರೀಕ್ಷೆ. 1971ರಲ್ಲಿ ಅವರ ಮಕ್ಕಳನ್ನು ಸೇರಿಸಿಕೊಂಡರು, 2002ರಲ್ಲಿ ಮೊಮ್ಮಕ್ಕಳನ್ನು. ಅಷ್ಟು ವರ್ಷದಲ್ಲಿ ಎಷ್ಟು ಯಂತ್ರ ಬದಲಾಗಿರಬೇಡ! ಅದನ್ನೆಲ್ಲ ಬರೆದಿಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ನನಗೆ ನಾಲ್ಕು ಸುತ್ತಿಗೇ ತಲೆ ತಿರುಗುತ್ತಿದೆ.

ಗ್ರಾಫ್ ಕಳಿಸಲಿಲ್ಲ. ಕೋಡ್‌ಬುಕ್‌ನಲ್ಲಿ ಒಂದು ಸಾಲು ಸೇರಿಸಿದೆ: 4ನೇ ಸುತ್ತು, ಬಿಪಿ ಯಂತ್ರ ಬದಲು, ಸಿಸ್ಟರ್ ಅವರಿಂದ ಫೋನಿನಲ್ಲಿ ತಿಳಿದದ್ದು.

ಆಮೇಲೆ ಆರೂವರೆಗೆ ಅವರೇ ಫೋನ್ ಮಾಡಿದರು. "ಮರೆತಿದ್ದೆ ಕಣಮ್ಮಾ. ಡಿಜಿಟಲ್ ಮೇಲೆ ನಂಬಿಕೆ ಬರದೆ ಮೊದಲನೇ ವಾರ ಎರಡರಲ್ಲೂ ನೋಡ್ತಿದ್ವಿ. ಪಾದರಸದ್ದು ಫಾರಂ ಅಂಚಲ್ಲಿ ಪೆನ್ಸಿಲ್‌ನಲ್ಲಿ ಬರೆದಿದೀವಿ, ನೋಡು."

ಅಂಚಿನದ್ದು ಯಾರೂ ಕಂಪ್ಯೂಟರಿಗೆ ಹಾಕಿಲ್ಲ. ಫಾರಂಗಳು ಗೋದಾಮಿನಲ್ಲಿ ಪೆಟ್ಟಿಗೆಯಲ್ಲಿವೆಯಂತೆ. ನಾಳೆ ಬೆಳಗ್ಗೆ ಮೊದಲು ಬೀಗದ ಕೈ ಕೇಳಬೇಕು.